ವಸಂತದ ಆರಂಭದಲ್ಲಿ ಒಂದು ವಾರದ ಟ್ರೇಲ್ ಓಟ ಮತ್ತು ಚಾರಣ: ದಿನಗಳನ್ನು ಹೊಂದಿಸುವುದು ಹೇಗೆ?

ಪ್ರಶ್ನೆ (ಸಮತಟ್ಟು)

ಚಳಿಗಾಲವಿಡೀ ಸಮತಟ್ಟಾದ ರಸ್ತೆಯಲ್ಲೇ ಓಡಿಕೊಂಡಿದ್ದ ನಾನು, ಹಿಮ ಕರಗತೊಡಗುವ ಹೊತ್ತಿಗೆ ಒಂದು ವಾರವನ್ನು ಬೆಟ್ಟದ ಹಾದಿಗಳಲ್ಲಿ ಕಳೆಯಬೇಕೆಂದಿದ್ದೇನೆ. ಒಂದು ದಿನ 15 ಕಿಲೋಮೀಟರ್ ಓಟ, ಮರುದಿನ 20 ಕಿಲೋಮೀಟರ್ ಚಾರಣ ಎಂಬಂತೆ ನಡೆಸಿದರೆ, ಚಾರಣದ ದಿನಗಳೇ ಕಾಲಿಗೆ ವಿಶ್ರಾಂತಿಯಾಗುತ್ತವೆ ಎಂಬುದು ನನ್ನ ಎಣಿಕೆ. ಕೆಳಗಿನ ಹಾದಿಗಳಲ್ಲಿ ಕೆಸರು, ಮೇಲಿನ ಇಳಿಜಾರುಗಳಲ್ಲಿ ಹಳೆಯ ಹಿಮ ಎರಡೂ ಇರುತ್ತವೆಂದು ಕೇಳಿದ್ದೇನೆ. ಈ ಏರ್ಪಾಡು ಸರಿಯೇ, ನೀರು ಒಳಬಿಡದ ಶೂ ಕೊಳ್ಳುವುದು ಒಳ್ಳೆಯದೇ ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ (ಏರಿಳಿತ)

ದಿನಗಳನ್ನು ಕಿಲೋಮೀಟರಿನಲ್ಲಿ ಅಳೆಯುವ ಬದಲು ಎಷ್ಟು ಮೀಟರ್ ಇಳಿಯಬೇಕಾಗುತ್ತದೆ ಎಂಬುದರಲ್ಲಿ ಅಳೆದು ನೋಡಿ, ಲೆಕ್ಕ ಪೂರ್ತಿ ಬದಲಾಗುತ್ತದೆ. ಏರುವಾಗ ದಣಿಯುವುದು ಉಸಿರು. ತೊಡೆಯನ್ನು ಹಣ್ಣುಗಾಯಿ ಮಾಡುವುದು ಇಳಿತ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ದೇಹದ ಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ, ಮತ್ತು ಈ ಬಗೆಯ ಕೆಲಸವೇ ಸ್ನಾಯುವಿನ ಎಳೆಗಳಿಗೆ ಹೆಚ್ಚಿನ ಸೂಕ್ಷ್ಮ ಹಾನಿ ಮಾಡುತ್ತದೆ. ಅದರ ನೋವು ಅಂದೇ ಕಾಣಿಸದೆ, ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ತಾರಕಕ್ಕೇರುತ್ತದೆ. ಮೊದಲ ದಿನದ ಹುಮ್ಮಸ್ಸಿನಲ್ಲಿ ಧಡಧಡನೆ ಇಳಿದವರು ಎರಡನೆಯ ದಿನ ಹೇಗೋ ನಡೆದು, ಮೂರನೆಯ ದಿನ ಮೆಟ್ಟಿಲಿಳಿಯಲೂ ಗೋಡೆ ಹಿಡಿಯುವುದು ಇದೇ ಕಾರಣಕ್ಕೆ. ರಸ್ತೆಯಲ್ಲಿ ಓಡುವವರಿಗೆ ಉಸಿರಿನ ಬಲ ಚೆನ್ನಾಗಿಯೇ ಇರುವುದರಿಂದ, ತೊಡೆ ಸೋಲುತ್ತಿರುವುದು ತಡವಾಗಿ ತಿಳಿಯುತ್ತದೆ.

ಹೀಗಾಗಿ 1,000 ಮೀಟರ್ ಇಳಿಯುವ ಚಾರಣವನ್ನು ವಿಶ್ರಾಂತಿಯೆಂದು ಕರೆಯಲಾಗದು. ಹೊರಡುವ ಎರಡು ವಾರ ಮೊದಲೇ, ಸಣ್ಣ ದಿಬ್ಬವಾದರೂ ಸರಿ, ಒಂದೆರಡು ಬಾರಿ ಮಿತವಾಗಿ ಇಳಿಜಾರಿನ ಓಟ ಮಾಡಿ. ಒಮ್ಮೆ ಹೀಗೆ ನೋವುಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸವನ್ನು ಬಹಳ ಕಡಿಮೆ ನೋವಿನಲ್ಲಿ ಮಾಡಿ ಮುಗಿಸುತ್ತದೆ. ವಾರದೊಳಗೆ ಮೊದಲ ದಿನ ಚಿಕ್ಕ ಓಟ, ಮೂರನೆಯ ದಿನ ಬಹುತೇಕ ಮಟ್ಟಸವಾದ ಕಣಿವೆಯ ನಡಿಗೆ, ದೊಡ್ಡ ಇಳಿತವೇನಿದ್ದರೂ ಐದನೆಯ ದಿನದ ನಂತರ ಎಂದಿಟ್ಟುಕೊಳ್ಳಿ. ಊರುಗೋಲು ಒಯ್ಯಲು ಸಂಕೋಚ ಬೇಡ. ಇಳಿಯುವಾಗ ಮಂಡಿಯ ಭಾರದಲ್ಲಿ ಒಂದು ಪಾಲನ್ನು ಅದು ಹೊರುತ್ತದೆ.

ಸಮತಟ್ಟು

ಧನ್ಯವಾದಗಳು. ಬೆಳಿಗ್ಗೆ ಚಳಿ ಹೆಚ್ಚಿರುವುದರಿಂದ, ಬಿಸಿಲೇರಿ ಮೈ ಬೆಚ್ಚಗಾದ ಮೇಲೆ, ಅಂದರೆ ಹನ್ನೊಂದರ ಸುಮಾರಿಗೆ ಹೊರಡುವ ಯೋಚನೆಯಿದೆ. ಅದರಲ್ಲಿ ತೊಂದರೆಯೇನಾದರೂ ಇದೆಯೇ?

ಉತ್ತರ (ನಿಧಾನ ನಡೆ)

ತೊಂದರೆ ಇದೆ. ವಸಂತದ ಹಿಮ ಗಂಟೆಗಂಟೆಗೂ ಬೇರೆಯಾಗುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಅದರ ಮೇಲ್ಪದರ ಹೆಪ್ಪುಗಟ್ಟಿ, ಮುಂಜಾನೆ ಹೆಜ್ಜೆಯ ಗುರುತೂ ಮೂಡದಷ್ಟು ಗಡುಸಾಗಿರುತ್ತದೆ. ಇಳಿಜಾರು ಸೌಮ್ಯವಾಗಿದ್ದರೆ ಶೂಗೆ ತೊಡಿಸುವ ಮೈಕ್ರೋಸ್ಪೈಕ್, ಅಂದರೆ ಸಣ್ಣ ಲೋಹದ ಮೊಳೆಗಳ ಸರಪಳಿ, ಸಾಕು. ಬಿಸಿಲು ತಾಗಿದ ಮೇಲೆ ಕೆಲಹೊತ್ತು ಮೇಲ್ಭಾಗ ತುಸು ಮೆತ್ತಗಾಗಿ ಒಳ್ಳೆಯ ಹಿಡಿತ ಸಿಗುತ್ತದೆ. ಮಧ್ಯಾಹ್ನವಾಗುತ್ತಲೇ ಅದೇ ಹಿಮದಲ್ಲಿ ಮಂಡಿಯವರೆಗೆ ಕಾಲು ಹೂತುಹೋಗುತ್ತದೆ, ಅದರಲ್ಲೂ ಬಿಸಿಲು ಹೀರಿ ಕಾದ ಬಂಡೆಗಳ ಅಂಚಿನಲ್ಲಿ ಒಳಗೆ ಪೊಳ್ಳಾಗಿರುವ ಕಡೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಕರಗಿದ ನೀರು ಸೇರಿ ಸಂಜೆಗೆ ದಾಟಲಾಗದಂತೆ ಏರಿರಬಹುದು. 30ರಿಂದ 45 ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ ಹಿಮಕುಸಿತ ಹೆಚ್ಚು, ಮತ್ತು ಬಿಸಿಲಿಗೆ ನೀರು ಹೀರಿಕೊಂಡ ಹಿಮದಲ್ಲಿ ಆ ಅಪಾಯ ಮಧ್ಯಾಹ್ನಕ್ಕೇ ಬಲಿಯುತ್ತದೆ. ಜಾರಿದರೆ ನಿಲ್ಲಲಾಗದಷ್ಟು ಕಡಿದಾದ ಗಟ್ಟಿ ಹಿಮದ ಮೇಲೆ, ತರಬೇತಿಯೂ ತಕ್ಕ ಸಲಕರಣೆಯೂ ಇಲ್ಲದೆ ಹೋಗುವ ಮಾತೇ ಬೇಡ.

ಆದ್ದರಿಂದ ಬೇಗ ಹೊರಟು ಬೇಗ ಇಳಿಯಿರಿ. ವೇಳೆಯ ಅಂದಾಜಿಗೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದೂರ, 900 ಮೀಟರ್ ಏರು ಇರುವ ಹಾದಿಗೆ ಇದರಂತೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ದಣಿವಾರಿಸಿಕೊಳ್ಳುವ ಹೊತ್ತು, ಹಿಮ, ಕೆಸರು ಇದರಲ್ಲಿ ಸೇರಿಲ್ಲ. ಎತ್ತರ 1,000 ಮೀಟರ್ ಹೆಚ್ಚಿದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಬೆವರಿದ ಮೈಗೆ ಗಾಳಿ ತಾಗುವ ಮುನ್ನವೇ ಹಾಕಿಕೊಳ್ಳಲು ಒಂದು ತೆಳು ಗಾಳಿತಡೆ ಜಾಕೆಟ್ ಚೀಲದ ಮೇಲ್ಭಾಗದಲ್ಲೇ ಇರಲಿ.

ಉತ್ತರ (ಕೆಸರುಗಾಲು)

ಶೂ ಬಗ್ಗೆ ಯಾರೂ ಹೇಳಲಿಲ್ಲ. ಓಟಕ್ಕೆ ನೀರು ಒಳಬಿಡದ ಪದರ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ತೊರೆಯಲ್ಲೋ ಆಳದ ಕೆಸರಿನಲ್ಲೋ ನೀರು ಹೇಗೂ ಮೇಲಿನ ಬಾಯಿಂದ ಒಳನುಗ್ಗುತ್ತದೆ, ಆಮೇಲೆ ಅದೇ ಪದರ ಅದನ್ನು ಹೊರಹೋಗಗೊಡುವುದಿಲ್ಲ. ನೆನೆದು ಮೆತ್ತಗಾದ ಚರ್ಮ ಬೇಗನೆ ಗುಳ್ಳೆಯೇಳುತ್ತದೆ. ಬಲೆಯಂಥ ಬಟ್ಟೆಯ ಮೇಲ್ಭಾಗವೂ ಐದಾರು ಮಿಲಿಮೀಟರ್ ಆಳದ, ಬಿಡಿಬಿಡಿಯಾದ ಹಲ್ಲುಗಳ ಅಟ್ಟೆಯೂ ಇರುವ ಶೂ ಕೆಸರನ್ನು ಉದುರಿಸುತ್ತ, ನೀರನ್ನು ಸುರಿಸುತ್ತ ಸಾಗುತ್ತದೆ. ಹಿಮದಲ್ಲಿ ದಿನವಿಡೀ ನಿಧಾನವಾಗಿ ನಡೆಯುವುದಾದರೆ ಮಾತು ಬೇರೆ, ಅಲ್ಲಿ ಆ ಪದರ ಪಾದವನ್ನು ಬೆಚ್ಚಗಿಡುತ್ತದೆ. ಸಾಧ್ಯವಾದರೆ ಎರಡು ಬಗೆಯ ಎರಡು ಜೊತೆ ಒಯ್ಯಿರಿ, ಒಂದು ಒಣಗುವಾಗ ಇನ್ನೊಂದು ಕಾಲಲ್ಲಿರುತ್ತದೆ. ಕಾಲುಚೀಲ ಹತ್ತಿಯದಾಗದೆ ಉಣ್ಣೆಯದಾಗಿರಲಿ.

ಕೆಸರು ಬಂದಾಗ ಅಂಚಿನ ಹುಲ್ಲಿಗೆ ಹೊರಳದೆ ಹಾದಿಯ ನಡುವೆಯೇ ಹೋಗಿ. ಎಲ್ಲರೂ ಬದಿಗೆ ಸರಿದರೆ ನೆಲ ಮೆತ್ತಗಿರುವ ಈ ಕಾಲದಲ್ಲಿ ಹಾದಿ ಅಗಲವಾಗುತ್ತ ಹೋಗಿ, ಚಿಗುರುವ ಗಿಡಗಳೆಲ್ಲ ತುಳಿತಕ್ಕೆ ಸಿಗುತ್ತವೆ. ಒದ್ದೆ ಶೂಗಳನ್ನು ರಾತ್ರಿ ಹೀಟರಿನ ಮುಂದಿಟ್ಟರೆ ಅಂಟು ಬಿಟ್ಟು ಅಟ್ಟೆ ಕಿತ್ತುಬರಬಹುದು. ಒಳ ಅಟ್ಟೆಯನ್ನು ಹೊರತೆಗೆದು, ಶೂ ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿ, ಮಲಗುವ ಮುನ್ನ ಒಮ್ಮೆ ಅದನ್ನು ಬದಲಿಸಿ.