ರಿಪೋರ್ಟ್ ನಾರ್ಮಲ್, ಆದರೂ ಮಾತ್ರೆ ಬಗ್ಗೆ ಸಮಾಧಾನ ಇಲ್ಲ. ಡಾಕ್ಟರಿಗೆ ಹೇಗೆ ಹೇಳೋದು?

ಪ್ರಶ್ನೆ:
ನನಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಒಂದು ಬಗೆಯ ಸಂಧಿವಾತ) ಇದೆ. ಅದನ್ನು ಹತೋಟಿಯಲ್ಲಿಡೋಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ, ಜೊತೆಗೆ ಫೋಲಿಕ್ ಆಸಿಡ್. ಈ ಸಲ ಉರಿಯೂತ ಎಷ್ಟಿದೆ ಅಂತ ನೋಡುವ ರಕ್ತಪರೀಕ್ಷೆಗಳು, ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್ ಬಂದಿವೆ. ಡಾಕ್ಟರ್ ಬೆರಳು, ಮಣಿಕಟ್ಟು, ಮಂಡಿ ಎಲ್ಲ ಒತ್ತಿ ನೋಡಿ "ಕಾಯಿಲೆ ಹತೋಟಿಯಲ್ಲಿದೆ" ಅಂದರು.

ಊತ ಇಳಿದಿರೋದು ನಿಜ. ಮುಷ್ಟಿ ಕಟ್ಟೋಕೆ ಆಗದ ಕೈಯಲ್ಲಿ ಈಗ ನಲ್ಲಿ ತಿರುಗಿಸುತ್ತೇನೆ, ಗುಂಡಿ ಹಾಕಿಕೊಳ್ಳುತ್ತೇನೆ. ಆದರೆ ಭಾನುವಾರ ರಾತ್ರಿ ಮಾತ್ರೆ ತಗೊಂಡರೆ ಸೋಮವಾರ ಪೂರ್ತಿ ಹೊಟ್ಟೆ ತೊಳೆಸುತ್ತೆ. ಈಗೀಗ ಆ ಹಳದಿ ಮಾತ್ರೆ ಕಣ್ಣಿಗೆ ಬಿದ್ದರೂ ಸಾಕು, ವಾಕರಿಕೆ. ಸುಸ್ತು ಬೇರೆ. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಪಾದದ ಮುಂಭಾಗದಲ್ಲಿ ಬೆಣಚುಕಲ್ಲು ತುಳಿದ ಹಾಗೆ. ಇದನ್ನೆಲ್ಲ ಹೇಳಿದರೆ "ಇಷ್ಟು ವಾಸಿಯಾದರೂ ದೂರು" ಅಂದುಕೊಳ್ಳುತ್ತಾರಾ?

ಉತ್ತರ 1:
ಖಂಡಿತ ಹೇಳಿ. ಇದೇ ಔಷಧಿ ಇಂಜೆಕ್ಷನ್ ರೂಪದಲ್ಲೂ ಬರುತ್ತೆ. ಮಾತ್ರೆಯಿಂದ ಹೊಟ್ಟೆ ತೊಳೆಸುವ ಎಷ್ಟೋ ಜನರಿಗೆ ಅದು ಹಗುರ ಅನಿಸುತ್ತೆ. ನೀವಾಗೇ ಮಾತ್ರೆ ಬಿಡೋದು ಮಾತ್ರ ಬೇಡ.

ಉತ್ತರ 2:
ನಿಮ್ಮ ಪಾದದ ವಿಷಯ ಓದಿ ಬರೆಯಲೇಬೇಕು ಅನಿಸಿತು. ಕಾಯಿಲೆ ಎಷ್ಟು ಚುರುಕಾಗಿದೆ ಅಂತ ಅಳೆಯೋಕೆ ಬಹಳ ಕಡೆ ಡಿಎಎಸ್28 ಅನ್ನುವ ಲೆಕ್ಕ ಬಳಸುತ್ತಾರೆ. ಅದರಲ್ಲಿ ಭುಜ, ಮೊಣಕೈ, ಮಣಿಕಟ್ಟು, ಬೆರಳು, ಮಂಡಿ ಸೇರಿ 28 ಕೀಲು. ಪಾದ ಮತ್ತು ಹಿಮ್ಮಡಿಗಂಟು ಅದರಲ್ಲಿ ಇಲ್ಲವೇ ಇಲ್ಲ! ಅಂಕ 2.6ಕ್ಕಿಂತ ಕೆಳಗೆ ಬಂದರೆ ಕಾಯಿಲೆ ಶಮನವಾಗಿದೆ ಅಂತ ಲೆಕ್ಕ. ಪಾದ ನೋಯುತ್ತಿದ್ದರೂ ಆ ಅಂಕ ಬರಬಹುದು. ಅದಕ್ಕೇ ಚಪ್ಪಲಿ ಬಿಚ್ಚಿ, ನೋಯುವ ಜಾಗ ಬೆರಳಿಟ್ಟು ತೋರಿಸಿ.

ಇನ್ನೊಂದು ಮಾತು. 0ಯಿಂದ 100ರ ಗೆರೆ ಮೇಲೆ "ನಿಮಗೆ ಹೇಗನಿಸುತ್ತಿದೆ" ಅಂತ ಗುರುತು ಹಾಕಿಸುತ್ತಾರಲ್ಲ, ಅದೂ ಆ ಲೆಕ್ಕದೊಳಗೇ ಸೇರುತ್ತೆ. ಡಾಕ್ಟರಿಗೆ ಬೇಜಾರಾಗಬಾರದು ಅಂತ ಸುಮ್ನೆ ಕಡಿಮೆ ಹಾಕಬೇಡಿ. ನಿಮ್ಮ ಸಮಾಧಾನವೂ ಚಿಕಿತ್ಸೆಯ ಫಲಿತಾಂಶವೇ. ಅದಿಲ್ಲದೆ ಔಷಧಿ ವರ್ಷಗಟ್ಟಲೆ ಮುಂದುವರಿಸೋದು ತುಂಬಾ ಕಷ್ಟ.

ಉತ್ತರ 3:
ಸುಸ್ತಿನ ಬಗ್ಗೆ ಬೇರೆಯಾಗೇ ಕೇಳಿ. ಉರಿಯೂತ ಇಳಿದ ಮೇಲೂ ಅದು ಉಳಿಯಬಹುದು. ರಕ್ತಹೀನತೆ, ಥೈರಾಯ್ಡ್, ಸರಿಯಾಗಿ ನಿದ್ದೆ ಇಲ್ಲದಿರೋದು, ಇವನ್ನೂ ನೋಡಬೇಕಾಗುತ್ತೆ. "ಸುಸ್ತು" ಅಂದರೆ ಸಾಲದು. ನಾನು "ಮಧ್ಯಾಹ್ನದ ಮೇಲೆ ಮೆಟ್ಟಿಲು ಹತ್ತೋಕೆ ಆಗಲ್ಲ" ಅಂದ ಮೇಲೇ ಡಾಕ್ಟರ್ ಪೆನ್ನು ಕೆಳಗಿಟ್ಟು ವಿವರವಾಗಿ ಕೇಳಿದರು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಪಾದ ಆ ಲೆಕ್ಕದಲ್ಲಿಲ್ಲ ಅಂತ ಗೊತ್ತೇ ಇರಲಿಲ್ಲ. ಮುಂದಿನ ಸಲ ಅದನ್ನೇ ಮೊದಲು ತೋರಿಸುತ್ತೇನೆ, ಆಮೇಲೆ ಸೋಮವಾರದ ಕಥೆ. ಇಂಜೆಕ್ಷನ್ ಆದರೆ ಪ್ರತಿ ವಾರ ಆಸ್ಪತ್ರೆಗೆ ಹೋಗಬೇಕಾ?

ಉತ್ತರ 1:
ಬೇಕಾಗಿಲ್ಲ. ಹೊಟ್ಟೆ ಅಥವಾ ತೊಡೆಯ ಚರ್ಮದ ಕೆಳಗೆ ಚಿಕ್ಕ ಸೂಜಿ. ನರ್ಸ್ ಹತ್ತಿರ ಕಲಿತರೆ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಮಾತ್ರ ಈಗಿನ ಹಾಗೇ ಮಾಡಿಸುತ್ತಿರಬೇಕು.