ಸೆಕೆಂಡ್ ಲೈಫ್‌ನಲ್ಲಿ ನಾಟಕದ ತಾಲೀಮು, ಹೊರಗಿನವರ ಕಾಟ

ಹಾರ್ಮೋನಿಯಂ ಮೇಷ್ಟ್ರು: ನಮ್ಮದು ಗುಬ್ಬಿ. ವೀರಣ್ಣನವರ ಊರು, ನಾಟಕದ ಹುಚ್ಚು ಸುಮ್ನೆ ಬಂದಿದ್ದಲ್ಲ. ಗೆಳೆಯರು ಸೇರಿ ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ 3ಡಿ ಲೋಕದಲ್ಲಿ ಪೌರಾಣಿಕ ನಾಟಕ ಆಡುತ್ತಿದ್ದೇವೆ. ನಮ್ಮ ದುರ್ಯೋಧನ ತುಮಕೂರಿನ ಹುಡುಗಿ, ಮನೆಯಲ್ಲಿ ಹೇಳಿಲ್ಲ. ತಾಲೀಮಿಗೆ ಗೋಡೆ ಕಟ್ಟಿ ಬಾಗಿಲು ಹಾಕಿದರೂ ಯಾರೋ ಹೊರಗೆ ನಿಂತು ನಮ್ಮ ಮಾತು ಓದುತ್ತಾರೆ. ಏನು ಮಾಡೋದು?

ಸಿರಾ ಗೇಟ್: ಅಲ್ಲಿ ಗೋಡೆ ಬರೀ ಚಿತ್ರ ಸಾರ್. ನೋಡುವವರ ಕ್ಯಾಮೆರಾ ಅದನ್ನು ದಾಟಿ ಒಳಗೆ ಬರುತ್ತದೆ. ಟೈಪ್ ಮಾಡಿದ ಮಾತು 20 ಮೀಟರ್‌ವರೆಗೆ ಹೋಗುತ್ತದೆ, ಕೂಗಿದರೆ 100. ಜಾಗದ ಸೆಟ್ಟಿಂಗ್‌ನಲ್ಲಿ ಪಕ್ಕದವರಿಗೆ ಒಳಗಿನ ಅವತಾರ್ (ಪರದೆಯಲ್ಲಿ ನಮ್ಮ ಬದಲು ಓಡಾಡುವ ಗೊಂಬೆ), ಚಾಟ್ ಎರಡೂ ಕಾಣದ ಹಾಗೆ ಮಾಡುವ ಆಯ್ಕೆ ಇದೆ. ಒಳಗೆ ಬರಲು ಗುಂಪಿನವರಿಗೆ ಮಾತ್ರ ಬಿಡಿ.

ಹಾರ್ಮೋನಿಯಂ ಮೇಷ್ಟ್ರು: ಜಾಗ ಬಾಡಿಗೆಯದು. ಮಾಲೀಕರನ್ನು ಕೇಳುತ್ತೇನೆ.

ಕುಣಿಗಲ್ ಅಕ್ಕ: ನನಗೆ ಧ್ವನಿಯದ್ದೇ ಜಾಸ್ತಿ ಭಯ. ಅವತಾರ್‌ಗೆ ಎಷ್ಟು ದೊಡ್ಡ ಮೀಸೆ ಅಂಟಿಸಿದರೂ ಗಂಟಲು ಅದೇ ಅಲ್ವಾ? ಯಾರಾದರೂ ರೆಕಾರ್ಡ್ ಮಾಡಿಕೊಂಡರೆ ಮುಗಿಯಿತು. ಬೇರೆಯವರು ತಂದಿಟ್ಟ ಕುರ್ಚಿ, ಮೇಜೂ ನೋಡಿಕೊಳ್ಳಿ. ಚಾಟ್ ಕದ್ದು ಕೇಳುವ ಸ್ಕ್ರಿಪ್ಟ್, ಅಂದ್ರೆ ಸಣ್ಣ ಪ್ರೋಗ್ರಾಂ, ಒಳಗಿರಬಹುದು. ಅಂದಹಾಗೆ ಮೇಷ್ಟ್ರೇ, ಹುಡುಗಿಯ ಊರು, ಪಾತ್ರ ಎರಡನ್ನೂ ನೀವೇ ಇಲ್ಲಿ ಬರೆದಿದ್ದೀರಿ. ಮೊದಲು ಅಳಿಸಿ.