ಲಿನಕ್ಸ್ ಮಿಂಟ್: ಡಿ ಡ್ರೈವ್‌ನಲ್ಲಿ ಸೇವ್ ಆಗ್ತಿಲ್ಲ, ವರ್ಡ್ ಫೈಲ್‌ಗೆ ಪುಟ ಜಾಸ್ತಿ ಆಗ್ತಿದೆ

ಹೊಸಪೆಂಗ್ವಿನ್:
ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್‌ಗೆ ನಿಂತಿತಲ್ಲ, ನನ್ನ ಲ್ಯಾಪ್‌ಟಾಪ್ 11ಕ್ಕೆ ಹೊಂದುವುದಿಲ್ಲ. ಹಾಗಾಗಿ ಅದರ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಿಕೊಂಡೆ. ಡಿ ಡ್ರೈವ್‌ನ ಫೈಲ್ ತೆರೆಯುತ್ತದೆ, ಸೇವ್ ಮಾಡಲು ಹೋದರೆ ರೀಡ್-ಓನ್ಲಿ ಅನ್ನುತ್ತದೆ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿದರೂ ಅಷ್ಟೇ. ಇನ್ನೊಂದು, ವರ್ಡ್‌ನಲ್ಲಿ 2 ಪುಟ ಇದ್ದ ರೆಸ್ಯೂಮೆ ಮಿಂಟ್ ಜೊತೆ ಬಂದ ಲಿಬ್ರೆಆಫೀಸ್‌ನಲ್ಲಿ 3 ಪುಟ! ಡಿಸ್ಕ್ ಹೋಯ್ತಾ?

ಹಳೇಟರ್ಮಿನಲ್:
ಡಿಸ್ಕ್ ಹೋಗಿರಲಾರದು, ಗಾಬರಿ ಬೇಡ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇರಬೇಕು. ಅದಿದ್ದರೆ ಶಟ್‌ಡೌನ್ ಒತ್ತಿದಾಗ ಸಿಸ್ಟಮ್ ಪೂರ್ತಿ ಮುಚ್ಚುವುದಿಲ್ಲ, ಒಂದಷ್ಟು ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ. ಯಾರೋ ಲೆಕ್ಕದ ಪುಸ್ತಕವನ್ನು ಅರ್ಧ ಬರೆದು ಎದ್ದು ಹೋದ ಹಾಗೆ. ನಡುವೆ ನಾವು ಗೀಚಿದರೆ ಲೆಕ್ಕ ಕೆಡುತ್ತದೆ ಅಂತ ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ಸುಡೋಗೂ ಇದಕ್ಕೂ ಸಂಬಂಧ ಇಲ್ಲ.

ವಿಂಡೋಸ್‌ಗೆ ಹೋಗಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಪವರ್ ಬಟನ್ ಏನು ಮಾಡಬೇಕು ಅನ್ನುವ ಲಿಂಕ್. ಫಾಸ್ಟ್ ಸ್ಟಾರ್ಟಪ್ ಟಿಕ್ ಮಸುಕಾಗಿದ್ದರೆ, ಮೇಲೆ ಸೆಟ್ಟಿಂಗ್ ಬದಲಿಸುವ ಲಿಂಕ್ ಒತ್ತಿ, ಟಿಕ್ ತೆಗೆದು ಸೇವ್ ಮಾಡಿ. ಆಮೇಲೆ ಒಮ್ಮೆ ಶಟ್‌ಡೌನ್ ಮಾಡಿ ಮಿಂಟ್‌ಗೆ ಬನ್ನಿ.

ರೆಸ್ಯೂಮೆ ವಿಷಯ: ಲಿಬ್ರೆಆಫೀಸ್‌ನಲ್ಲಿ ಅಕ್ಷರ ಆಯ್ಕೆ ಮಾಡಿ, ಮೇಲೆ ಫಾಂಟ್ ಹೆಸರು ಓರೆಯಾಗಿ ಕಾಣುತ್ತಾ ನೋಡಿ.

ರೂಟ್‌ಬೀರು:
ಇಷ್ಟೆಲ್ಲ ಯಾಕೆ? ವಿಂಡೋಸ್ ಮಲಗುವಾಗ ಬರೆದಿಟ್ಟ ಹೈಬರ್ನೇಷನ್ ಫೈಲ್ ಅಳಿಸಿ, ಡ್ರೈವ್ ಅನ್ನು ಬಲವಂತವಾಗಿ ಮೌಂಟ್ ಮಾಡುವ (ಲಿನಕ್ಸ್‌ಗೆ ಜೋಡಿಸುವ) ಆಪ್ಷನ್ ಇದೆಯಲ್ಲ.

ಹಳೇಟರ್ಮಿನಲ್:
ಇದೆ. ವಿಂಡೋಸ್ ಮಲಗುವಾಗ ಸೇವ್ ಆಗದೆ ಉಳಿದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಹೊಸಬರಿಗೆ ಇದನ್ನು ಹೇಳಬೇಡಿ ಮಾರಾಯ್ರೇ.

ಹೊಸಪೆಂಗ್ವಿನ್:
ಡಿ ಡ್ರೈವ್ ಸರಿಯಾಯಿತು! ಫಾಂಟ್ ಹೆಸರು ಕ್ಯಾಲಿಬ್ರಿ, ಓರೆಯಾಗಿಯೇ ಇದೆ.

ಹಳೇಟರ್ಮಿನಲ್:
ಹಾಗಾದರೆ ಆ ಫಾಂಟ್ ನಿಮ್ಮಲ್ಲಿ ಇಲ್ಲ. ಬದಲಿಗೆ ಬಂದದ್ದರ ಅಕ್ಷರ ಅಗಲ, ಅದಕ್ಕೇ ಪುಟ ಉಕ್ಕಿದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕಾರ್ಲಿಟೊ ಫಾಂಟ್ ಹುಡುಕಿ ಹಾಕಿ. ಅದರ ಅಕ್ಷರಗಳ ಅಗಲ ಕ್ಯಾಲಿಬ್ರಿಯಷ್ಟೇ. ವರ್ಡ್‌ನ ಇನ್ನೊಂದು ಫಾಂಟ್ ಕೇಂಬ್ರಿಯಾಗೆ ಕ್ಯಾಲಡಿಯಾ ಇದೆ. ಬೇರೆಯವರಿಗೆ ಕಳಿಸುವಾಗ ಸುಮ್ನೆ ಪಿಡಿಎಫ್ ಮಾಡಿಬಿಡಿ.

ಹೊಸಪೆಂಗ್ವಿನ್:
ಈಗ 2 ಪುಟವೇ! ಫೋಟೋಶಾಪ್‌ಗೆ ಏನು ಮಾಡಲಿ? ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಶೀಟೂ ಒಂದಿದೆ.

ಹಳೇಟರ್ಮಿನಲ್:
ಫೋಟೋ ತಿದ್ದಲು ಗಿಂಪ್. 2025ರಲ್ಲಿ ಬಂದ 3.0 ಆವೃತ್ತಿಯನ್ನೋ ಅದರ ನಂತರದ್ದನ್ನೋ ಹಾಕಿ, ಫಿಲ್ಟರ್ ಹಾಕಿದ ಮೇಲೂ ಬದಲಿಸಬಹುದು. ಚಿತ್ರ ಬಿಡಿಸುವುದಿದ್ದರೆ ಕ್ರಿಟಾ, ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ) ಫೈಲ್‌ಗೆ ಡಾರ್ಕ್‌ಟೇಬಲ್. ಮೂರೂ ವಿಂಡೋಸ್‌ನಲ್ಲೂ ಓಡುತ್ತವೆ. ಅಲ್ಲೇ ಕೈ ಕುದುರಿಸಿಕೊಂಡು ಆಮೇಲೆ ಓಎಸ್ ಬದಲಿಸಿದ್ದರೆ ಒಂದೇ ಸಲ ಎರಡು ತಲೆನೋವು ಇರುತ್ತಿರಲಿಲ್ಲ ಅಲ್ವಾ? ಶೀಟ್ ಮಾತ್ರ ಕಷ್ಟ. ಲಿಬ್ರೆಆಫೀಸ್‌ನ ಕ್ಯಾಲ್ಕ್ ಕೆಲವು ಮ್ಯಾಕ್ರೋ ಓಡಿಸುತ್ತದೆ, ಎಲ್ಲವನ್ನೂ ಅಲ್ಲ. ಒಂದು ಪ್ರತಿ ತೆಗೆದು ಅದರ ಮೇಲೆ ಪರೀಕ್ಷೆ ಮಾಡಿ.

ಹೊಸಪೆಂಗ್ವಿನ್:
ಮಾಡಿದೆ. 5 ಮ್ಯಾಕ್ರೋದಲ್ಲಿ 3 ಓಡಿದವು. ಉಳಿದೆರಡಕ್ಕಾಗಿ ವಿಂಡೋಸ್ ಸದ್ಯಕ್ಕೆ ಇರಲಿ, ಅಪ್‌ಡೇಟ್ ನಿಂತಿದೆಯಲ್ಲ, ಇಂಟರ್ನೆಟ್ ಕೊಡದೆ ಇಟ್ಟುಕೊಳ್ಳುತ್ತೇನೆ.